ಬ್ರೇಕ್ ಆಯಿಲ್ ಸುರಿದರೆ ಬ್ರೇಕ್ ರಿಪೇರಿ ಆದಂತೆಯೇ?

ಸೇಡಂ ಇರಲಿ, ಚಿತ್ತಾಪುರ ಇರಲಿ, ವಾಡಿ, ಶಹಾಬಾದ, ಚಿಂಚೋಳಿ ಇರಲಿ, ಗ್ಯಾರೇಜಿನ ಮುಂದೆ ಅರ್ಧ ತಾಸು ನಿಂತವರ ಕಿವಿಗೆ ಈ ಮಾತು ಬೀಳದೇ ಇರದು.

"ಬ್ರೇಕ್ ಹಿಡೀವಲ್ದಲ್ಲೋ ಉಸ್ತಾದ್, ಏನಾಗ್ಯಾದ ನೋಡು."

"ಆಯಿಲ್ ಕಮ್ಮಿ ಆಗ್ಯಾದ್ರಿ ಸಾವ್ಕಾರ್ರ. ಚಕ್ರ ಬಿಚ್ಚಿ ನೋಡಬೇಕಾಗ್ತದ, ಅರ್ಧ ದಿನ ಹಿಡೀತದ."

"ಅರ್ಧ ದಿನ ಎಲ್ಲಿಂದ ತರ್ಲೋ? ಸಂಜಿಗಿ ಕಲಬುರಗಿಗಿ ಹೋಗಿ ಮಾಲ್ ತರೋದದ. ಸದ್ಯ ಆಯಿಲ್ ಹಾಕಿ ಕೊಡು."

ಉಸ್ತಾದ ಆಯಿಲ್ ಸುರಿಯುತ್ತಾನೆ, ಪೆಡಲ್ಲನ್ನು ಹತ್ತು ಸಲ ತುಳಿಯುತ್ತಾನೆ. ಬ್ರೇಕು ಹಿಡಿಯುತ್ತದೆ. ಸಾವ್ಕಾರರಿಗೆ ಖುಷಿ. ಹದಿನೈದು ದಿನ ಕಳೆಯುವಷ್ಟರಲ್ಲಿ ಡಬ್ಬಿ ಮತ್ತೆ ಕೆಳಗೆ!

ಬ್ರೇಕ್ ಆಯಿಲ್ ಏನು ದೀಪದ ಎಣ್ಣೆಯೇ, ಉರಿದು ಖಾಲಿಯಾಗಲು? ಅದು ಪೈಪಿನೊಳಗೆ ಬಂದ್ ಆಗಿರುವ ಆಯಿಲ್. ಕಾಲಿನ ಒತ್ತಡವನ್ನು ನಾಲ್ಕು ಚಕ್ರಕ್ಕೆ ಮುಟ್ಟಿಸುವುದಷ್ಟೇ ಅದರ ಕೆಲಸ. ಅದು ಇಳಿಯಿತೆಂದರೆ ಕಾರಣ ಎರಡೇ. ಪ್ಯಾಡು, ಲೈನರು ಸವೆದಿದ್ದರೆ ನಿಧಾನಕ್ಕೆ ಇಳಿಯುತ್ತದೆ. ಎಲ್ಲಾದರೂ ಸೋರುತ್ತಿದ್ದರೆ ಬೇಗ ಇಳಿಯುತ್ತದೆ. ಎರಡಕ್ಕೂ ಚಕ್ರ ಬಿಚ್ಚದೆ ಮದ್ದಿಲ್ಲ. ಡಬ್ಬಿ ತುಂಬಿಸುವುದೆಂದರೆ ಗಾಯದ ಮೇಲೆ ಅಂಗಿ ತೊಟ್ಟಂತೆ.

ಈ ಭಾಗದಲ್ಲಿ ಸಣ್ಣ ಕಾರೆಂದರೆ ಬಹುಮಟ್ಟಿಗೆ ಮಾರುತಿ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800ರ ತಯಾರಿಕೆ 2014ರಲ್ಲೇ ನಿಂತಿತು. ಆದರೂ ಕಂಪನಿ ನಿಲ್ಲಿಸಿದ ಮಾತ್ರಕ್ಕೆ ಸೇಡಂನ ಕಿರಾಣಿ ಅಂಗಡಿಯವರು ನಿಲ್ಲಿಸುತ್ತಾರೆಯೇ? ಮೂರನೇ ಕೈ, ನಾಲ್ಕನೇ ಕೈ ದಾಟಿದ ಗಾಡಿಗಳು ಇನ್ನೂ ಓಡುತ್ತಿವೆ. ಮುಂದೆ ಡಿಸ್ಕು, ಹಿಂದೆ ಡ್ರಮ್ಮು, ಅದರ ಬ್ರೇಕು ಸರಳ. ಸರಳವಾದುದರಿಂದಲೇ ಅದನ್ನು ಹಗುರವಾಗಿ ನೋಡುವ ಚಟ ಬಂದಿದೆ. ಎದುರಿಗೆ ಬರುವುದು ಮಾತ್ರ ಹಗುರಲ್ಲ. ಸಿಮೆಂಟ್ ತುಂಬಿದ ಟ್ಯಾಂಕರು, ಪರಸಿ ಕಲ್ಲು ಹೇರಿದ ಲಾರಿ!

ಕಾಯಿಲೆ ಗುರುತಿಸಲು ಮೊದಲು ಬೇಕಾದುದು ಪಾನಾ ಅಲ್ಲ, ಕಾಲು. ಪೆಡಲ್ ಸ್ಪಂಜಿನಂತೆ ಮೆತ್ತಗಿದ್ದರೆ ಪೈಪಿನಲ್ಲಿ ಗಾಳಿ ಸೇರಿದೆ. ಒಮ್ಮೆ ತುಳಿದರೆ ಕೆಳಗಿಳಿದು, ಎರಡು ಮೂರು ಸಲ ತುಳಿದ ಮೇಲೆ ಮೇಲೆ ಬಂದರೆ ಗಾಳಿಯೂ ಇರಬಹುದು, ಹಿಂದಿನ ಲೈನರು ಸವೆದು ಡ್ರಮ್ಮಿನಿಂದ ದೂರ ಸರಿದಿರಲೂಬಹುದು. ಪೆಡಲ್ ಒತ್ತಿ ಹಿಡಿದಾಗ ಅದು ಮೆಲ್ಲಗೆ ನೆಲಕ್ಕೆ ಇಳಿಯುತ್ತಾ ಹೋಗುವುದೇ ಎಲ್ಲಕ್ಕಿಂತ ಕೆಟ್ಟದ್ದು. ಹೊರಗೆಲ್ಲೂ ಸೋರಿಕೆ ಕಾಣದಿದ್ದರೆ ಮಾಸ್ಟರ್ ಸಿಲಿಂಡರಿನೊಳಗಿನ ರಬ್ಬರು ಸವೆದಿದೆ ಎಂದೇ ತಿಳಿಯಬೇಕು. ಅಂಥ ಗಾಡಿಯನ್ನು ಗ್ಯಾರೇಜಿಗೂ ಓಡಿಸಿಕೊಂಡು ಹೋಗಬಾರದು, ಎಳೆಸಿಕೊಂಡು ಹೋಗಬೇಕು. ಪೆಡಲ್ ಕಲ್ಲಿನಂತೆ ಗಟ್ಟಿಯಾಗಿದ್ದರೆ ಬೂಸ್ಟರ್ ನೋಡಬೇಕು. ಇಂಜಿನ್ ಬಂದ್ ಮಾಡಿ ನಾಲ್ಕೈದು ಸಲ ತುಳಿದು, ಕಾಲು ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿದರೆ ಪೆಡಲ್ ತುಸು ಕೆಳಗಿಳಿಯಬೇಕು. ಇಳಿಯಲಿಲ್ಲವೋ, ಬೂಸ್ಟರ್ ಇಲ್ಲವೇ ಅದರ ಪೈಪು ಕೆಟ್ಟಿದೆ.

ಬ್ರೇಕ್ ಹಾಕಿದಾಗ ಗಾಡಿ ಎಡಕ್ಕೆ ಎಳೆದರೆ ಎಡಗಡೆಯದೇ ತಪ್ಪು ಎನ್ನುವವರು ಬಹಳ. ಎಷ್ಟೋ ಸಲ ಎಡಗಡೆ ಸರಿಯಾಗಿಯೇ ಹಿಡಿಯುತ್ತಿರುತ್ತದೆ, ಬಲಗಡೆ ಸತ್ತಿರುತ್ತದೆ! ಪಿಸ್ಟನ್ ಕಚ್ಚಿಕೊಂಡಿರಬಹುದು, ಪ್ಯಾಡಿಗೆ ಆಯಿಲ್ ಬಡಿದಿರಬಹುದು. ಶಹಾಬಾದ, ವಾಡಿ ಕಡೆಯ ಬಿಳಿ ಕಲ್ಲುಪುಡಿ ಕ್ಯಾಲಿಪರಿನ ಪಿನ್ನಿಗೆ ಮೆತ್ತಿಕೊಂಡು, ಮಳೆಗೆ ಗಾರೆಯಂತಾಗಿ ಒಣಗುವುದೂ ಉಂಟು.

ಆಯಿಲ್ ಹಳೆಯದಾದರೆ ಇನ್ನೊಂದು ಪೀಡೆ. ಅದು ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 3 ಆಯಿಲ್ ಕುದಿಯಲು ಕನಿಷ್ಠ 205 ಡಿಗ್ರಿ ಬೇಕು. ನೀರು ಹೀರಿದ ಮೇಲೆ ಅದೇ ಮಿತಿ 140ಕ್ಕೆ ಇಳಿಯುತ್ತದೆ. ಬಿರುಬೇಸಿಗೆಯಲ್ಲಿ ಕುಂಚಾವರಂ ಕಾಡಿನ ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಲೇ ಇಳಿದರೆ ಪ್ಯಾಡು ಕಾದು, ಆಯಿಲ್ ಕುದ್ದು, ಪೈಪಿನಲ್ಲಿ ಆವಿ ತುಂಬಿ, ಪೆಡಲ್ ಸೀದಾ ನೆಲಕ್ಕೆ! ಅದಕ್ಕೇ ಎರಡು ವರ್ಷಕ್ಕೊಮ್ಮೆ ಆಯಿಲ್ ಪೂರ್ತಿ ಬದಲಿಸಬೇಕು, ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲೇ ಇಳಿಯಬೇಕು. ಪೆಟ್ರೋಲ್ ಉಳಿಸಲೆಂದು ಇಂಜಿನ್ ಬಂದ್ ಮಾಡಿ ನ್ಯೂಟ್ರಲಿನಲ್ಲಿ ಬಿಡುವ ಜಾಣರಿದ್ದಾರಲ್ಲ, ಅವರ ಗಾಡಿಗೆ ಇಂಜಿನ್ ತಡೆಯೂ ಇಲ್ಲ, ಎರಡು ಮೂರು ಸಲ ತುಳಿದ ಮೇಲೆ ಬೂಸ್ಟರಿನ ಬಲವೂ ಇಲ್ಲ. ಉಳಿಯುವ ಪೆಟ್ರೋಲು ಒಂದು ಚಹಾದ ದುಡ್ಡಿನಷ್ಟೂ ಅಲ್ಲ.

ಇನ್ನು ರಿಪೇರಿ. ವೀಲ್ ಸಿಲಿಂಡರ್ ಸೋರಿ ಲೈನರು ನೆನೆದಿದ್ದರೆ ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವ ಪದ್ಧತಿ ಬಿಡಬೇಕು. ಹೀರಿಕೊಂಡ ಆಯಿಲ್ ಕಾವಿಗೆ ಮತ್ತೆ ಹೊರಬರುತ್ತದೆ. ಪ್ಯಾಡು, ಲೈನರು ಬದಲಿಸಿದರೆ ಎರಡೂ ಬದಿ ಜೋಡಿಯಾಗಿ ಬದಲಿಸಬೇಕು. ಒಂದೇ ಬದಿ ಹಾಕಿಸಿ ಉಳಿಸುವುದು ಉಳಿತಾಯವೇ ಅಲ್ಲ. ಇಂಜಿನ್ ಆಯಿಲನ್ನು ಬ್ರೇಕಿನ ಡಬ್ಬಿಗೆ ಹನಿಯಷ್ಟೂ ಹಾಕಬಾರದು, ರಬ್ಬರೆಲ್ಲ ಉಬ್ಬಿ ಹಾಳು. ಡ್ರಮ್ಮಿನ ಪುಡಿಯನ್ನು ಗಾಳಿ ಹೊಡೆದು ಹಾರಿಸುವುದಂತೂ ಎಲ್ಲೆಲ್ಲೂ ಕಾಣುವ ನೋಟ. ಹಳೇ ಲೈನರಿನಲ್ಲಿ ಕಲ್ನಾರು ಇರಬಹುದು. ಆ ಪುಡಿ ಹೋಗುವುದು ಪಕ್ಕದಲ್ಲಿ ನಿಂತ ಹುಡುಗನ ಪುಪ್ಪುಸಕ್ಕೆ. ಒದ್ದೆ ಬಟ್ಟೆಯಿಂದ ಒರೆಸಲು ಏನು ಖರ್ಚು?

ಉಸ್ತಾದರನ್ನಷ್ಟೇ ಬೈದು ಫಲವಿಲ್ಲ. ಅವರಲ್ಲಿ ಹೆಚ್ಚಿನವರಿಗೆ ಕಾಯಿಲೆ ಗೊತ್ತು. ಚಕ್ರ ಬಿಚ್ಚಿ ನೋಡಿ "ಸರಿ ಅದ" ಎಂದರೆ ಕೂಲಿ ಕೊಡಲು ಮಾಲೀಕ ತಕರಾರು ತೆಗೆಯುತ್ತಾನೆ. ಸಾಮಾನು ಬದಲಿಸಿದರೆ ಮಾತ್ರ ದುಡ್ಡು, ನೋಡಿದ್ದಕ್ಕೆ ದುಡ್ಡಿಲ್ಲ! ಡಾಕ್ಟರು ನಾಡಿ ನೋಡಿದ್ದಕ್ಕೆ ಫೀ ಕೊಡುವವರು ಇಲ್ಲಿ ಯಾಕೆ ಕೊಡಬಾರದು? ಕೊಡಲಿ, ಹಳೇ ಪ್ಯಾಡು, ರಬ್ಬರನ್ನು ಕೇಳಿ ಕೈಗೆ ಪಡೆಯಲಿ, ಬಿಲ್ಲು ಬರೆಸಲಿ, ಊರ ಹೊರಗಿನ ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಓಡಿಸಿ ಬ್ರೇಕ್ ಹಾಕಿ ನೋಡಿಯೇ ಹಣ ಎಣಿಸಲಿ.

ಸರ್ಕಾರದ ತಪಾಸಣೆ ಇದೆಯಲ್ಲ ಎನ್ನಬಹುದು. ಹಳದಿ ಬೋರ್ಡಿನ ಗಾಡಿಗೆ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಫಿಟ್‌ನೆಸ್. ಬಿಳಿ ಬೋರ್ಡಿನ ಖಾಸಗಿ ಕಾರಿಗೋ? ನೋಂದಣಿಯಾಗಿ 15 ವರ್ಷ ತುಂಬುವವರೆಗೆ ಕೇಳುವವರಿಲ್ಲ, ನಂತರ 5 ವರ್ಷಕ್ಕೊಮ್ಮೆ. ಅದೇ ಬಿಳಿ ಬೋರ್ಡಿನ ಕಾರು ಬಸ್‌ಸ್ಟ್ಯಾಂಡಿನ ಮುಂದೆ ನಿಂತು "ಒಂದೇ ಸೀಟು, ಒಂದೇ ಸೀಟು" ಎಂದು ಕೂಗಿದಾಗ ಒಳಗೆ ಕೂತ ಐದಾರು ಜನರ ಜೀವಕ್ಕೆ ಯಾವ ಕಾಗದದ ಆಧಾರವಿದೆ? ಅಂಥ ಗಾಡಿ ಹಿಡಿಯುವ ಅಧಿಕಾರಿಗಳು ಪರವಾನಗಿಯ ದಂಡ ಹಾಕಿ ಕೈತೊಳೆದುಕೊಳ್ಳದೆ, ಪೆಡಲ್ ಒತ್ತಿ ನೋಡಿದರೆ ಒಳ್ಳೆಯದು.

ಬಸ್ಸು ತಪ್ಪಿಸಿಕೊಂಡು ಇಂಥ ಕಾರು ಹತ್ತುವವರು ಡ್ರೈವರನ ಕಾಲ ಮೇಲೊಂದು ಕಣ್ಣಿಡಲಿ. ಪ್ರತಿ ಸಲ ನಿಲ್ಲಿಸುವಾಗ ಎರಡೆರಡು, ಮೂರು ಮೂರು ಸಲ ತುಳಿಯುತ್ತಿದ್ದರೆ, ಚಕ್ರದ ಕಡೆಯಿಂದ ಕಬ್ಬಿಣ ಉಜ್ಜುವ ಸದ್ದು ಬರುತ್ತಿದ್ದರೆ, "ನಿಲ್ಲಿಸ್ರಿ, ಇಳೀತೀವಿ" ಎನ್ನಲು ಸಂಕೋಚ ಬೇಡ. ಹಿಂದೆ ಇನ್ನೊಂದು ಬಸ್ಸು ಬರುತ್ತದೆ.