ಯಾರ ಮನೆಯ ಪೆಟ್ಟಿಗೆ?



ಉದ್ದಕ್ಕೆ ಸಾಲಾಗಿ ಒಂದೇ ತರದ ಕೋಣೆಗಳು. ಒಂದೊಂದಕ್ಕೂ ತಗಡಿನ ಶಟರ್, ಶಟರಿಗೊಂದು ಬೀಗ. ಒಬ್ಬಾತ ಬಂದು ಬೀಗವನ್ನು ಕತ್ತರಿಸುತ್ತಾನೆ. ಶಟರ್ ಗಡಗಡ ಸದ್ದು ಮಾಡುತ್ತಾ ಮೇಲೇರುತ್ತದೆ. ಹೊರಗೆ ಕಾದು ನಿಂತವರು ಟಾರ್ಚ್ ಬೆಳಕು ಹಾಯಿಸಿ ಒಳಗೆ ಇಣುಕುತ್ತಾರೆ. ಹೊಸ್ತಿಲು ದಾಟುವಂತಿಲ್ಲ, ಪೆಟ್ಟಿಗೆ ಬಿಚ್ಚುವಂತಿಲ್ಲ. ಕೆಲವೇ ನಿಮಿಷ ನೋಡಿ, ಮನಸ್ಸಿನಲ್ಲೇ ಲೆಕ್ಕ ಹಾಕಿ ಹರಾಜು ಕೂಗಬೇಕು. ಹೆಚ್ಚು ಕೂಗಿದವನಿಗೆ ಒಳಗಿರುವುದೆಲ್ಲವೂ ಸೇರುತ್ತದೆ. ಹಳೆಯ ಹಾಸಿಗೆಯೂ ಅವನದೇ, ಹಾಸಿಗೆಯ ಹಿಂದೆ ಇರಬಹುದಾದ ನಿಧಿಯೂ ಅವನದೇ.

ಅಮೆರಿಕದ 'ಸ್ಟೋರೇಜ್ ವಾರ್ಸ್' ಎಂಬ ಟಿವಿ ಕಾರ್ಯಕ್ರಮದ ಕಥೆ ಇಷ್ಟೇ. 2010ರ ಡಿಸೆಂಬರಿನಲ್ಲಿ ಎ ಆ್ಯಂಡ್ ಇ ಎಂಬ ವಾಹಿನಿಯಲ್ಲಿ ಇದು ಶುರುವಾಯಿತು. ಇದರ ಹಿಂದುಮುಂದೆ ಇಂಥವೇ ಹಲವು ಬಂದವು. ಲಾಸ್ ವೇಗಾಸ್ ನಗರದ ಗಿರವಿ ಅಂಗಡಿಯೊಂದರ 'ಪಾನ್ ಸ್ಟಾರ್ಸ್' 2009ರಲ್ಲಿ, ಹಳ್ಳಿಗಾಡಿನ ಕೊಟ್ಟಿಗೆ, ಗ್ಯಾರೇಜುಗಳನ್ನು ಜಾಲಾಡಿ ಹಳೆಯ ಸಾಮಾನು ಕೊಳ್ಳುವವರ 'ಅಮೆರಿಕನ್ ಪಿಕರ್ಸ್' 2010ರಲ್ಲಿ, ಬ್ರಿಟನ್ನಿನ 'ಸಾಲ್ವೇಜ್ ಹಂಟರ್ಸ್' 2011ರಲ್ಲಿ. ಹಿಸ್ಟರಿ ಟಿವಿ18 ವಾಹಿನಿ 2011ರಲ್ಲಿ ಭಾರತದಲ್ಲಿ ಆರಂಭವಾದಾಗ 'ಪಾನ್ ಸ್ಟಾರ್ಸ್' ನಮ್ಮ ಮನೆಗಳಿಗೂ ಬಂತು. ಈಗಂತೂ ಇವುಗಳ ತುಣುಕುಗಳು ಮಕ್ಕಳ ಕೈಯಲ್ಲಿರುವ ಮೊಬೈಲಿನಲ್ಲೇ ಓಡುತ್ತಿರುತ್ತವೆ.

ಇವು ಏಕೆ ಹಿಡಿಸುತ್ತವೆ ಎಂಬುದನ್ನು ನಿಮಗೆ ವಿವರಿಸಬೇಕಾಗಿಲ್ಲ. ಅಟ್ಟದ ಮೇಲಿನ ಹಳೆಯ ಟ್ರಂಕನ್ನು ಎಂದಾದರೂ ಇಳಿಸಿ ನೋಡಿದವರಿಗೆ ಆ ಕುತೂಹಲ ಗೊತ್ತು. ಅಜ್ಜಿಯ ತಾಮ್ರದ ಹಂಡೆಯನ್ನು, ತವರಿನಿಂದ ಬಂದ ಹಿತ್ತಾಳೆಯ ತಟ್ಟೆಯನ್ನು ಗುಜರಿಯವನು ತಕ್ಕಡಿಗೆ ಹಾಕಿ, ಕಿಲೋಗೆ ಇಷ್ಟೆಂದು ಹೇಳಿ, ಚೀಲಕ್ಕೆ ತುಂಬಿಕೊಂಡು ಹೋಗುವುದನ್ನು ನೋಡುತ್ತಾ ನಿಂತವರು ನಾವು. ಆ ವಸ್ತುವಿಗೆ ತೂಕದ ಬೆಲೆಗಿಂತ ಹೆಚ್ಚಿನ ಬೆಲೆ ಇತ್ತೇನೋ ಎಂಬ ಸಣ್ಣ ಸಂಶಯ ಮನಸ್ಸಿನ ಮೂಲೆಯಲ್ಲಿ ಉಳಿದೇ ಇರುತ್ತದೆ. ಈ ಕಾರ್ಯಕ್ರಮಗಳು ಆ ಸಂಶಯವನ್ನೇ ಹಿಡಿದು ಕೆರೆಯುತ್ತವೆ.

ಆದರೆ ತೋರಿಸುವುದೆಲ್ಲ ನಿಜವೇ?

ಈ ಪ್ರಶ್ನೆಯನ್ನು ಎತ್ತಿದ್ದು ಕಾರ್ಯಕ್ರಮದ ಒಳಗಿನವರೇ. 'ಸ್ಟೋರೇಜ್ ವಾರ್ಸ್'ನಲ್ಲಿ ಹರಾಜು ಕೂಗುವ ಮುಖ್ಯ ವ್ಯಕ್ತಿಗಳಲ್ಲಿ ಡೇವ್ ಹೆಸ್ಟರ್ ಒಬ್ಬರು. 2012ರ ಡಿಸೆಂಬರಿನಲ್ಲಿ ಅವರು ಲಾಸ್ ಏಂಜಲಿಸ್‌ನ ನ್ಯಾಯಾಲಯದಲ್ಲಿ ವಾಹಿನಿಯ ಮೇಲೆ ದಾವೆ ಹೂಡಿದರು. ಬೆಲೆಬಾಳುವ ವಸ್ತುಗಳನ್ನು ಕಾರ್ಯಕ್ರಮದವರೇ ಮೊದಲೇ ತಂದು ಕೋಣೆಗಳೊಳಗೆ ಇಡುತ್ತಾರೆ ಎಂಬುದು ಅವರ ಆರೋಪ. ಕಸದ ರಾಶಿಯ ಅಡಿಯಲ್ಲಿ ಸಿಕ್ಕಿದ ಬಿಎಂಡಬ್ಲ್ಯು ಮಿನಿ ಕಾರು, ಗಾಯಕ ಎಲ್ವಿಸ್ ಪ್ರೆಸ್ಲಿಯ ಸಾವಿನ ಸುದ್ದಿ ಇದ್ದ ಹಳೆಯ ಪತ್ರಿಕೆಗಳು, ಹೀಗೆ ಉದಾಹರಣೆಗಳನ್ನೂ ಕೊಟ್ಟರು. ಇದನ್ನು ಆಕ್ಷೇಪಿಸಿದ್ದಕ್ಕೇ ತನ್ನನ್ನು ಕೈಬಿಟ್ಟರು ಎಂಬುದು ಅವರ ದೂರು.

ಅಮೆರಿಕದಲ್ಲಿ ಇಂಥ ಮೋಸಕ್ಕೆ ಒಂದು ಹಳೆಯ ಕಾನೂನಿದೆ. 1950ರ ದಶಕದಲ್ಲಿ 'ಟ್ವೆಂಟಿ ಒನ್' ಎಂಬ ಟಿವಿ ರಸಪ್ರಶ್ನೆ ಕಾರ್ಯಕ್ರಮ ಮನೆಮಾತಾಗಿತ್ತು. ಅದರಲ್ಲಿ ಗೆದ್ದು ದೇಶದ ಕಣ್ಮಣಿಯಾಗಿದ್ದ ಕಾಲೇಜು ಅಧ್ಯಾಪಕ ಚಾರ್ಲ್ಸ್ ವಾನ್ ಡೋರೆನ್, ತನಗೆ ಉತ್ತರಗಳನ್ನು ಮೊದಲೇ ಹೇಳಿಕೊಡಲಾಗುತ್ತಿತ್ತು ಎಂದು 1959ರಲ್ಲಿ ಸಂಸತ್ತಿನ ಸಮಿತಿಯ ಮುಂದೆ ಒಪ್ಪಿಕೊಂಡರು. ಮರುವರ್ಷ, ಬುದ್ಧಿಯ ಇಲ್ಲವೇ ಅದೃಷ್ಟದ ಸ್ಪರ್ಧೆಯನ್ನು ಮೊದಲೇ ಹೊಂದಿಸಿಟ್ಟು ಪ್ರೇಕ್ಷಕರನ್ನು ವಂಚಿಸುವುದು ಅಪರಾಧವಾಯಿತು. ಹೆಸ್ಟರ್ ಈ ಕಾನೂನನ್ನೇ ಮುಂದಿಟ್ಟರು.

ವಾಹಿನಿಯ ಉತ್ತರ ಕೇಳಿ. ನಮ್ಮ ಕಾರ್ಯಕ್ರಮದಲ್ಲಿ ಅದೃಷ್ಟದ ಸ್ಪರ್ಧೆಯೂ ಇಲ್ಲ, ಬುದ್ಧಿಯ ಸ್ಪರ್ಧೆಯೂ ಇಲ್ಲ, ಹಾಗಾಗಿ ಆ ಕಾನೂನು ನಮಗೆ ಅನ್ವಯಿಸುವುದಿಲ್ಲ ಎಂದಿತು! ಕಾರ್ಯಕ್ರಮವನ್ನು ಹೇಗೆ ರೂಪಿಸಬೇಕು ಎಂಬುದು ಅಭಿವ್ಯಕ್ತಿ ಸ್ವಾತಂತ್ರ್ಯದ ವಿಷಯ ಎಂದೂ ವಾದಿಸಿತು. ವಾರವಾರವೂ ಅದೃಷ್ಟ ಮತ್ತು ಜಾಣತನದ ಆಟವೆಂದೇ ತೋರಿಸಿದ್ದನ್ನು ನ್ಯಾಯಾಲಯದ ಮೆಟ್ಟಿಲೇರಿದ ಕೂಡಲೇ ಎರಡೂ ಅಲ್ಲ ಎಂದು ಬಿಟ್ಟಿತು. 2013ರಲ್ಲಿ ನ್ಯಾಯಾಧೀಶರು ಸ್ವಾತಂತ್ರ್ಯದ ವಾದವನ್ನು ಒಪ್ಪಿ ದಾವೆಯ ಆ ಭಾಗವನ್ನು ತಳ್ಳಿಹಾಕಿದರು. ಕೆಲಸದಿಂದ ತೆಗೆದ ವಿಷಯ ಮಾತ್ರ ಮುಂದುವರಿದು 2014ರಲ್ಲಿ ರಾಜಿಯಾಯಿತು. ಹೆಸ್ಟರ್ ಮುಂದೆ ಅದೇ ಕಾರ್ಯಕ್ರಮಕ್ಕೆ ಮರಳಿದರು. ಅಂದರೆ, ವಸ್ತುಗಳನ್ನು ತಂದಿಟ್ಟದ್ದು ನಿಜವೋ ಸುಳ್ಳೋ ಎಂದು ಯಾವ ನ್ಯಾಯಾಲಯವೂ ತೀರ್ಮಾನಿಸಲೇ ಇಲ್ಲ.

ಇದು ಹಾಗಿರಲಿ. ಯಾವ ದಾವೆಯೂ ಬೇಡದೆ ನೀವೇ ಪರೀಕ್ಷಿಸಬಹುದಾದ ಒಂದು ಸಂಗತಿ ಇದೆ. ಕಂತಿನ ಕೊನೆಗೆ, ಇವರಿಗೆ ಇಷ್ಟು ಲಾಭ, ಅವರಿಗೆ ಅಷ್ಟು ನಷ್ಟ ಎಂದು ಪರದೆಯ ಮೇಲೆ ಅಂಕೆ ಮೂಡುತ್ತದೆ. ಆ ಲಾಭ ಕೈಗೆ ಬಂದ ಹಣವಲ್ಲ. ಈ ಕುರ್ಚಿಗೆ ನೂರು ಡಾಲರ್ ಬರಬಹುದು, ಈ ಗಡಿಯಾರಕ್ಕೆ ಇನ್ನೂರು ಬರಬಹುದು ಎಂದು ಬಾಯಲ್ಲಿ ಹೇಳಿದ ಅಂದಾಜು. ಕೊಳ್ಳುವವನು ಸಿಗಬೇಕು, ಸಾಗಿಸುವ ಖರ್ಚಾಗಬೇಕು, ಉಳಿದ ಕಸವನ್ನು ಹಣ ಕೊಟ್ಟು ಎಸೆಸಬೇಕು. ಇದಾವುದೂ ಆ ಅಂಕೆಯಲ್ಲಿಲ್ಲ. ಮನೆ ಖರ್ಚಿನ ಪುಸ್ತಕ ಬರೆಯುವ ಯಾವ ಗೃಹಿಣಿಯೂ ಇಂಥ ಲೆಕ್ಕವನ್ನು ಒಪ್ಪಲಾರಳು.

ಮನರಂಜನೆ ತಾನೇ, ಸುಳ್ಳಾದರೆ ಯಾರಿಗೇನು ನಷ್ಟ ಎನ್ನುವವರಿದ್ದಾರೆ. ನಷ್ಟವಾದ ಕುಟುಂಬವೊಂದರ ವಿಷಯ ಹೇಳುತ್ತೇನೆ.

'ಆಂಟೀಕ್ಸ್ ರೋಡ್‌ಶೋ' ಎಂಬುದು ಇವೆಲ್ಲಕ್ಕಿಂತ ಹಿರಿಯ ಕಾರ್ಯಕ್ರಮ. 1979ರಲ್ಲಿ ಬಿಬಿಸಿಯಲ್ಲಿ ಆರಂಭವಾದ ಇದರ ಅಮೆರಿಕನ್ ರೂಪ 1997ರಲ್ಲಿ ಪಿಬಿಎಸ್ ಎಂಬ ಸಾರ್ವಜನಿಕ ವಾಹಿನಿಯಲ್ಲಿ ಬಂತು. ಜನ ತಮ್ಮ ಮನೆಯ ಹಳೆಯ ವಸ್ತುಗಳನ್ನು ತರುತ್ತಾರೆ, ತಜ್ಞರು ಅದರ ಚರಿತ್ರೆ ಹೇಳಿ ಬೆಲೆ ಕಟ್ಟುತ್ತಾರೆ. ಗದ್ದಲವಿಲ್ಲದ, ಮರ್ಯಾದೆಯ ಕಾರ್ಯಕ್ರಮ. ಅದರ ಆರಂಭದ ದಿನಗಳಲ್ಲಿ ಒಬ್ಬಾತ ಅಂತರ್ಯುದ್ಧ ಕಾಲದ ಖಡ್ಗವೊಂದನ್ನು ತಂದು, ಇದು ಅಟ್ಟದಲ್ಲಿ ಸಿಕ್ಕಿತು, ಬಾಲ್ಯದಲ್ಲಿ ಇದರಿಂದ ಕಲ್ಲಂಗಡಿ ಹಣ್ಣು ಕತ್ತರಿಸುತ್ತಿದ್ದೆವು ಎಂದ. ತಜ್ಞರು 35 ಸಾವಿರ ಡಾಲರ್ ಬೆಲೆ ಕಟ್ಟಿದಾಗ ಅವನು ಬೆರಗಾದ, ನೋಡುಗರೂ ಬೆರಗಾದರು. ಅದೆಲ್ಲ ನಾಟಕವಾಗಿತ್ತು. ಖಡ್ಗ ತಂದವನು ತಜ್ಞರಿಗೆ ಗೊತ್ತಿದ್ದವನೇ. ಕಥೆಯನ್ನು ಮೊದಲೇ ಹೆಣೆದಿದ್ದರು.

ಅಷ್ಟಕ್ಕೇ ಮುಗಿದಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ರಸ್ ಪ್ರಿಚರ್ಡ್ ಮತ್ತು ಜಾರ್ಜ್ ಜೂನೊ ಎಂಬ ಆ ಇಬ್ಬರು ತಜ್ಞರಿಗೆ ಬೇಕಿದ್ದುದು ಟಿವಿ ಕೊಡುವ ವಿಶ್ವಾಸಾರ್ಹತೆ. ಅಂತರ್ಯುದ್ಧದ ಸೇನಾನಿ ಜಾರ್ಜ್ ಪಿಕೆಟ್ ಅವರ ವಂಶಸ್ಥರ ಬಳಿಯಿದ್ದ ವಸ್ತುಗಳನ್ನು ಕಡಿಮೆ ಬೆಲೆ ಹೇಳಿ 87 ಸಾವಿರ ಡಾಲರಿಗೆ ಕೊಂಡು, ಹ್ಯಾರಿಸ್‌ಬರ್ಗ್ ನಗರದ ವಸ್ತುಸಂಗ್ರಹಾಲಯಕ್ಕಾಗಿ ಸುಮಾರು ಹತ್ತು ಪಟ್ಟು ಬೆಲೆಗೆ ಮಾರಿದ್ದು ಬೆಳಕಿಗೆ ಬಂತು. 2001ರಲ್ಲಿ ಇಬ್ಬರ ಮೇಲೂ ಮೊಕದ್ದಮೆಯಾಯಿತು, ಇಬ್ಬರೂ ತಪ್ಪೊಪ್ಪಿಕೊಂಡರು. 2002ರಲ್ಲಿ ಪ್ರಿಚರ್ಡ್ ಅವರಿಗೆ ಜೈಲು ಶಿಕ್ಷೆಯಾಯಿತು. ಮನೆತನದ ಹಿರಿಯರ ನೆನಪಿನ ವಸ್ತುವನ್ನು ತಜ್ಞರೆಂದು ನಂಬಿ ಕೊಟ್ಟವರು ಹೀಗೆ ಮೋಸಹೋದರು.

ಈಗ ಮತ್ತೆ ಆ ಶಟರಿನ ಕೋಣೆಗೆ ಬರೋಣ. ಕಾರು ತಂದಿಟ್ಟದ್ದೋ ತಾನಾಗಿ ಸಿಕ್ಕಿದ್ದೋ ಎಂದು ಜನ ವರ್ಷಗಟ್ಟಲೆ ಜಗಳಾಡಿದರು. ನನಗೆ ಕಾರಿನ ಪಕ್ಕದಲ್ಲಿದ್ದ ಹಾಸಿಗೆಯ ಚಿಂತೆ. ಮಗುವಿನ ಸೈಕಲ್, ಕುಕ್ಕರ್, ಬಟ್ಟೆ ತುಂಬಿದ ಚೀಲ, ಹಗ್ಗ ಕಟ್ಟಿದ ಪುಸ್ತಕದ ಪೆಟ್ಟಿಗೆ. ಇವನ್ನು ಯಾವ ನಿರ್ಮಾಪಕನೂ ದುಡ್ಡು ಕೊಟ್ಟು ತಂದಿಡಬೇಕಾಗಿಲ್ಲ. ಇವು ಯಾರದೋ ಮನೆಯವು. ಕಾರ್ಯಕ್ರಮ ತೋರಿಸದೇ ಇರುವ ಒಬ್ಬರೆಂದರೆ ಆ ಮನೆಯವರು.

ಅವರ ಸಾಮಾನು ಅಲ್ಲಿಗೆ ಹೇಗೆ ಬಂತು? ಅಮೆರಿಕದಲ್ಲಿ ಸಾಮಾನು ಇಡಲು ತಿಂಗಳ ಬಾಡಿಗೆಗೆ ಕೋಣೆ ಸಿಗುತ್ತದೆ. ಮನೆ ಬಿಡಬೇಕಾದವರು, ವಿಚ್ಛೇದನವಾದವರು, ತಂದೆ ತಾಯಿ ತೀರಿಕೊಂಡು ಅವರ ಸಾಮಾನನ್ನು ಎಸೆಯಲು ಮನಸ್ಸು ಬಾರದವರು, ಆಸ್ಪತ್ರೆ ಸೇರಿದವರು ಹೀಗೆ ಕೋಣೆ ಹಿಡಿಯುತ್ತಾರೆ. ಬಾಡಿಗೆ ಬಾಕಿಯಾದರೆ ಒಳಗಿನ ಸಾಮಾನಿನ ಮೇಲೆ ಕೋಣೆಯ ಮಾಲೀಕನಿಗೆ ಹಕ್ಕು ಬರುತ್ತದೆ. ಅಂಚೆಯಲ್ಲಿ ನೋಟಿಸು, ಬಳಿಕ ಜಾಹೀರಾತು, ಬಳಿಕ ಹರಾಜು. ಮನೆಯೇ ಕಳೆದುಕೊಂಡವರಿಗೆ ಹಳೆಯ ವಿಳಾಸಕ್ಕೆ ಹೋದ ನೋಟಿಸು ಕೈಸೇರುವುದು ಎಷ್ಟರ ಮಟ್ಟಿಗೆ ಎಂದು ನೀವೇ ಊಹಿಸಿ. ಸೇನೆಯಲ್ಲಿ ಕರ್ತವ್ಯದ ಮೇಲಿರುವವರ ಸಾಮಾನನ್ನು ನ್ಯಾಯಾಲಯದ ಆದೇಶವಿಲ್ಲದೆ ಹೀಗೆ ಮಾರುವಂತಿಲ್ಲ ಎಂದು ಅಲ್ಲಿ ಕಾನೂನೇ ಇದೆ. ಇತರರಿಗೆ ಸಾಮಾನ್ಯವಾಗಿ ಅಂಥ ರಕ್ಷಣೆ ಇಲ್ಲ.

ಈ ಕಾರ್ಯಕ್ರಮಗಳು ಬಂದ ವರ್ಷಗಳನ್ನು ಇನ್ನೊಮ್ಮೆ ನೋಡಿ: 2009, 2010. ಅಮೆರಿಕದ ಆರ್ಥಿಕತೆ ಕುಸಿದದ್ದು 2008ರಲ್ಲಿ. ಸಾಲ ತೀರಿಸಲಾಗದೆ ಲಕ್ಷಾಂತರ ಕುಟುಂಬಗಳು ಮನೆ ಕಳೆದುಕೊಂಡ ಕಾಲ ಅದು. ಗಿರವಿ ಅಂಗಡಿ ಮತ್ತು ಬೀಗ ಕತ್ತರಿಸಿದ ಕೋಣೆ ಜನರ ಸಂಜೆಯ ಮನರಂಜನೆಯಾದದ್ದು ಆಗಲೇ. ಕಳೆದುಕೊಂಡವರ ದುಃಖವನ್ನು ಬದಿಗೆ ಸರಿಸಿ ಸಿಕ್ಕಿದವರ ಸಂತೋಷವನ್ನು ಮಾತ್ರ ತೋರಿಸಿದರೆ ನೋಡಲು ಚೆನ್ನಾಗಿಯೇ ಇರುತ್ತದೆ.

ಸಾಮಾನಿನ ಜೊತೆ ಏನೇನು ಹೋಗುತ್ತದೆ ಎಂಬುದಕ್ಕೆ ಶ್ರೀಮಂತೆಯೊಬ್ಬಳ ಉದಾಹರಣೆ ಸಾಕು. ಹೋಟೆಲ್ ಮನೆತನದ ಪ್ಯಾರಿಸ್ ಹಿಲ್ಟನ್ ಅವರ ಇಂಥದೇ ಕೋಣೆಯ 208 ಡಾಲರ್ ಬಾಕಿ ಉಳಿದಿತ್ತು. ಹರಾಜಿನಲ್ಲಿ 2,775 ಡಾಲರಿಗೆ ಎಲ್ಲವೂ ಹೋಯಿತು. ದಿನಚರಿ, ಪತ್ರ, ಫೋಟೋ, ವೈದ್ಯರ ಕಾಗದ ಎಲ್ಲವೂ ಕೈಯಿಂದ ಕೈಗೆ ದಾಟಿ, 2007ರಲ್ಲಿ ಹಣ ಕೊಟ್ಟವರು ನೋಡುವಂತೆ ಅಂತರ್ಜಾಲಕ್ಕೆ ಬಂದವು. ಅವರು ಕೋರ್ಟಿಗೆ ಹೋಗಬೇಕಾಯಿತು. ಆಕೆಯ ಜೀವನಶೈಲಿ ನಮಗೆ ಹಿಡಿಸದಿರಬಹುದು. ಆದರೂ ಒಬ್ಬ ಹೆಣ್ಣಿನ ದಿನಚರಿ ಬೀದಿಗೆ ಬಂದದ್ದು 208 ಡಾಲರಿಗೆ. ಮನೆಯ ಫೋಟೋ ಮತ್ತು ದಾಖಲೆಗಳನ್ನು ಮಾಲೀಕರಿಗೆ ತಲುಪಿಸಲು ಕಚೇರಿಗೆ ಮರಳಿಸಬೇಕು ಎಂಬ ಷರತ್ತನ್ನು ಅಲ್ಲಿನ ಅನೇಕ ಹರಾಜುಗಳಲ್ಲಿ ಹಾಕುತ್ತಾರೆ. ಟಿವಿಯಲ್ಲಿ ಆ ಮರಳಿಸುವಿಕೆಗೆ ಹೆಚ್ಚು ಸಮಯವಿಲ್ಲ.

ಹರಾಜೇ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಪ್ರವಾದಿಯವರ(ಸ) ಬಳಿಗೆ ಬೇಡಲು ಬಂದ ಅನ್ಸಾರ್ ವ್ಯಕ್ತಿಯ ಘಟನೆ ನಿಮಗೆ ತಿಳಿದಿದೆ. ಅವನ ಮನೆಯಲ್ಲಿದ್ದದ್ದು ಒಂದು ಹೊದಿಕೆ ಮತ್ತು ಒಂದು ಬಟ್ಟಲು. ಪ್ರವಾದಿಯವರು(ಸ) ಅವನ್ನು ತರಿಸಿ, ಜನರ ಮುಂದೆ ಹರಾಜು ಕೂಗಿ, ಎರಡು ದಿರ್ಹಮಿಗೆ ಮಾರಿದರು. ಒಂದರಲ್ಲಿ ಮನೆಯವರಿಗೆ ಆಹಾರ, ಇನ್ನೊಂದರಲ್ಲಿ ಸೌದೆ ಕಡಿಯಲು ಕೊಡಲಿ. ಅಲ್ಲಿ ವಸ್ತುವಿನ ಒಡೆಯ ಎದುರಿಗೇ ನಿಂತಿದ್ದ, ಬಂದ ಹಣ ಅವನ ಕೈಗೇ ಹೋಯಿತು.

ಬಾಕಿ ಕಳೆದು ಮಿಕ್ಕ ಹಣ ಒಡೆಯನದು ಎಂಬುದನ್ನು ಕ್ಯಾಲಿಫೋರ್ನಿಯಾದ ಕಾನೂನೂ ಒಪ್ಪುತ್ತದೆ. ಆದರೆ ಅವನು ಬಂದು ಕೇಳಬೇಕು. ವರ್ಷದೊಳಗೆ ಕೇಳದಿದ್ದರೆ ಅದು ಸರಕಾರಿ ಖಜಾನೆಗೆ ಹೋಗುತ್ತದೆ.

ಕೇಳಿದರೆ ಮಾತ್ರ ಸಿಗುವ ಹಣ ನಮ್ಮಲ್ಲೂ ಇದೆ. ನಮ್ಮ ಪತ್ರಿಕೆಗಳ ಒಳಪುಟಗಳಲ್ಲಿ ಸಣ್ಣ ಅಕ್ಷರದ ಪ್ರಕಟಣೆಗಳು ಬರುತ್ತವೆ. ಚಿನ್ನದ ಸಾಲದ ಹರಾಜು, ಊರು, ದಿನಾಂಕ, ಕೆಳಗೆ ಖಾತೆ ಸಂಖ್ಯೆಗಳ ಉದ್ದದ ಸಾಲು. ಒಂದೊಂದು ಸಂಖ್ಯೆಯೂ ಯಾರದೋ ಬಳೆ, ಯಾರದೋ ಮಗಳ ಮದುವೆಯ ಸರ. (ಬಡ್ಡಿಯ ವಿಷಯ ಬೇರೆಯೇ ಚರ್ಚೆ, ಅದನ್ನು ಇಲ್ಲಿ ಎತ್ತುವುದಿಲ್ಲ. ಒಡವೆ ಅಡವಿಟ್ಟು ಆಗಿದೆ ಎಂದಾದರೆ ತಿಳಿದಿರಬೇಕಾದ್ದನ್ನಷ್ಟೇ ಹೇಳುತ್ತೇನೆ.) ಹರಾಜಿಗೆ ಮೊದಲು ಸಾಲಗಾರರಿಗೆ ನೋಟಿಸು ಕೊಡಬೇಕು. ಸಾಲ ಕೊಟ್ಟ ಸಂಸ್ಥೆ ತಾನೇ ಹರಾಜಿನಲ್ಲಿ ಕೂಗುವಂತಿಲ್ಲ. ಸಾಲ, ಬಡ್ಡಿ, ಖರ್ಚು ಕಳೆದು ಉಳಿದ ಹಣವನ್ನು ಸಾಲಗಾರರಿಗೆ ಹಿಂದಿರುಗಿಸಬೇಕು. ಹರಾಜಿನ ಪೂರ್ತಿ ಹಣ ಬಂದ ಏಳು ಕೆಲಸದ ದಿನಗಳೊಳಗೆ ಇದಾಗಬೇಕು ಎನ್ನುತ್ತದೆ ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಹೊರಡಿಸಿದ ನಿಯಮ. ಒಡವೆ ಹೋಯಿತೆಂಬ ದುಃಖದಲ್ಲಿ ಆ ಬಾಗಿಲಿಗೇ ಮತ್ತೆ ಹೋಗದ ಹೆಂಗಸರಿದ್ದಾರೆ. ಹೋಗಿ, ಎಷ್ಟಕ್ಕೆ ಹರಾಜಾಯಿತು, ನನಗೆ ಬರಬೇಕಾದ್ದೆಷ್ಟು ಎಂದು ಲೆಕ್ಕವನ್ನು ಬರಹದಲ್ಲಿ ಕೇಳಿ. ಸಾಲ ಇನ್ನೂ ನಡೆಯುತ್ತಿದ್ದು ನಡುವೆ ಮನೆ ಬದಲಿಸಿದ್ದರೆ, ಹೊಸ ವಿಳಾಸವನ್ನು ಶಾಖೆಗೆ ಬರೆದುಕೊಟ್ಟು, ತಲುಪಿದೆ ಎಂಬುದಕ್ಕೆ ಸಹಿ ಹಾಕಿಸಿಕೊಂಡೇ ಬನ್ನಿ.