ಗಣೇಶ್ ಹೆಚ್ಚೋ, ಗೋವಿಂದ ಹೆಚ್ಚೋ?

ಕೊಡಗಿನ ಎಂ.ಪಿ. ಗಣೇಶ್ ಮತ್ತು ಬಿ.ಪಿ. ಗೋವಿಂದ, ಈ ಇಬ್ಬರಲ್ಲಿ ಮೇಲಾದ ಹಾಕಿ ಆಟಗಾರ ಯಾರು ಎಂಬ ಚರ್ಚೆ ನಮ್ಮ ನಿಟ್ಟೂರಿನ ಕಡೆ ಇನ್ನೂ ಮುಗಿದಿಲ್ಲ. ಅಡಿಕೆ ಸುಲಿಯುವ ರಾತ್ರಿಗಳು ಉದ್ದ. ಧಾರಣೆಯ ಮಾತು, ಮಳೆಯ ಮಾತು ಮುಗಿದ ಮೇಲೆ ಹಿರಿಯರು ಈ ವಿಷಯಕ್ಕೆ ಬಂದೇ ಬರುತ್ತಾರೆ. ರೇಡಿಯೋಕ್ಕೆ ಕಿವಿಗೊಟ್ಟು ಆ ಕಾಲದ ಪಂದ್ಯಗಳನ್ನು ಕೇಳಿದವರು ಅವರು. ಕಾಫಿಯ ನಾಡಿನ ಇಬ್ಬರು ಹುಡುಗರು ಭಾರತದ ಮುಂಪಂಕ್ತಿಯಲ್ಲಿ ಜೊತೆಯಾಗಿ ಆಡಿದರೆಂಬ ಅಭಿಮಾನ ಮಲೆನಾಡಿನವರಾದ ನಮಗೂ ಇರುವುದು ಸಹಜವೇ. ಈ ಚರ್ಚೆಯಲ್ಲಿ ನಮ್ಮ ಅಭಿಪ್ರಾಯವನ್ನೂ ಸದಸ್ಯ ಬಾಂಧವರ ಮುಂದಿಡಬೇಕೆನಿಸಿದೆ. ಇದು ಬರಿಯ ಆಟದ ಮಾತಲ್ಲ ಎಂಬುದು ಕೊನೆಗೆ ತಿಳಿದೀತು.

ಸರಕು, ಬೆಟ್ಟೆ, ರಾಶಿ, ಗೊರಬಲು ಎಲ್ಲವನ್ನೂ ಒಂದೇ ಚೀಲಕ್ಕೆ ಸುರಿದು ಧಾರಣೆ ಕೇಳುವ ಬೆಳೆಗಾರನಿಲ್ಲ. ಆಟಗಾರರ ವಿಷಯದಲ್ಲಿ ಮಾತ್ರ ನಾವು ಹಾಗೆಯೇ ಮಾಡುತ್ತೇವೆ. ಪದಕ, ನಾಯಕತ್ವ, ಆಟದ ಚುರುಕು, ಎಷ್ಟು ವರ್ಷ ಆಡಿದರೆಂಬುದು, ಎಲ್ಲವನ್ನೂ ಕಲಸಿ ಒಂದೇ ಬೆಲೆ ಕಟ್ಟುತ್ತೇವೆ. ಮೊದಲು ಇವುಗಳನ್ನು ಬೇರೆ ಬೇರೆ ಮಾಡಿಕೊಳ್ಳೋಣ.

ಗಣೇಶ್ ಹುಟ್ಟಿದ್ದು 1946ರಲ್ಲಿ, ಗೋವಿಂದ 1951ರಲ್ಲಿ. ಐದು ವರ್ಷದ ಅಂತರ. ಸರ್ವೀಸಸ್ ತಂಡದಲ್ಲಿ ಪಳಗಿದ ಗಣೇಶ್ 1971ರಲ್ಲಿ ಬಾರ್ಸಿಲೋನಾದ ಮೊದಲ ವಿಶ್ವಕಪ್‌ನಲ್ಲಿ ಕಂಚು ಗೆದ್ದ ತಂಡದಲ್ಲಿದ್ದರು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಇಬ್ಬರೂ ಜೊತೆಗಿದ್ದರು. ಅಲ್ಲಿ ಸೆಮಿಫೈನಲ್‌ನಲ್ಲಿ ಪಾಕಿಸ್ತಾನಕ್ಕೆ ಸೋತ ಭಾರತ, ಹಾಲೆಂಡನ್ನು 2–1ರಿಂದ ಮಣಿಸಿ ಕಂಚು ತಂದಿತು. ಮರುವರ್ಷವೇ ಗಣೇಶ್ ತಂಡದ ನಾಯಕರಾದರು. ಅವರಿಗೆ 1973ರಲ್ಲಿ, ಗೋವಿಂದರಿಗೆ 1975ರಲ್ಲಿ ಅರ್ಜುನ ಪ್ರಶಸ್ತಿ ಸಂದಿತು.

ಚರ್ಚೆಯ ಗಂಟೆಲ್ಲ ಇರುವುದು 1973ರ ಸೆಪ್ಟೆಂಬರ್‌ನಲ್ಲಿ ಹಾಲೆಂಡಿನ ಆಮ್‌ಸ್ಟೆಲ್‌ವೀನ್‌ನಲ್ಲಿ ನಡೆದ ವಿಶ್ವಕಪ್ ಫೈನಲ್‌ನಲ್ಲಿ. ಗಣೇಶರ ನೇತೃತ್ವದ ತಂಡ ಸೆಮಿಫೈನಲ್‌ನಲ್ಲಿ ಪಾಕಿಸ್ತಾನವನ್ನು 1–0ರಿಂದ ಸೋಲಿಸಿ ಬಂದಿತ್ತು. ಫೈನಲ್‌ನ ಆರಂಭದಲ್ಲಿಯೇ ಸುರ್ಜಿತ್ ಸಿಂಗ್ ಎರಡು ಗೋಲು ಹೊಡೆದರು. ಆದರೆ ಆತಿಥೇಯ ಹಾಲೆಂಡ್ ಬಿಡಲಿಲ್ಲ. ಎರಡನ್ನೂ ತೀರಿಸಿ ಪಂದ್ಯವನ್ನು ಹೆಚ್ಚುವರಿ ಸಮಯಕ್ಕೆ ಎಳೆಯಿತು. ಆಗ ಭಾರತಕ್ಕೊಂದು ಪೆನಾಲ್ಟಿ ಸ್ಟ್ರೋಕ್ ಒದಗಿತು. ಹೊಡೆಯಲು ಮುಂದೆ ಬಂದವರು ಗೋವಿಂದ. ಚೆಂಡು ಗೋಲಾಗಲಿಲ್ಲ. ಕಡೆಗೆ ಟೈಬ್ರೇಕರ್‌ನಲ್ಲಿ ಹಾಲೆಂಡ್ 4–2ರಿಂದ ಗೆದ್ದಿತು. ಆ ಒಂದು ಹೊಡೆತ ಒಳಗೆ ಹೋಗಿದ್ದರೆ ಭಾರತಕ್ಕೆ ಮೊದಲ ವಿಶ್ವಕಪ್ ತಂದುಕೊಟ್ಟ ನಾಯಕ ಗಣೇಶ್ ಆಗುವ ಸಂಭವ ಬಹಳವಿತ್ತು. ಒಬ್ಬ ಕೊಡಗಿನವನ ಕೋಲಿನ ತುದಿಯಲ್ಲಿ ಇನ್ನೊಬ್ಬ ಕೊಡಗಿನವನ ಕಪ್ಪು ಇತ್ತೆಂದರೆ ತಪ್ಪಾಗದು.

ಗಣೇಶರ ಪಕ್ಷದವರು ಹಿಡಿಯುವುದು ಇದನ್ನೇ. ನಾಯಕ ತಂಡವನ್ನು ಗೆಲುವಿನ ಬಾಗಿಲಿನವರೆಗೆ ಒಯ್ದ, ಜೊತೆಗಾರ ಬಾಗಿಲಲ್ಲಿ ಎಡವಿದ, ಹೀಗೆಂದು ಅವರ ವಾದ. ಗೋವಿಂದರ ಪಕ್ಷದವರು ತಕ್ಷಣ 1975ನ್ನು ಮುಂದೆ ಮಾಡುತ್ತಾರೆ. ಆ ವರ್ಷ ಮಾರ್ಚ್ 15ರಂದು ಕ್ವಾಲಾಲಂಪುರದಲ್ಲಿ ಅಜಿತ್‌ಪಾಲ್ ಸಿಂಗ್ ನಾಯಕತ್ವದ ಭಾರತ, ಪಾಕಿಸ್ತಾನವನ್ನು 2–1ರಿಂದ ಸೋಲಿಸಿ ವಿಶ್ವಕಪ್ ಗೆದ್ದಿತು. ಆ ತಂಡದಲ್ಲಿ ಗೋವಿಂದ ಇದ್ದರು, ಗಣೇಶ್ ಇರಲಿಲ್ಲ. ಒಬ್ಬರ ಬಳಿ ಚಿನ್ನವಿದೆ, ಇನ್ನೊಬ್ಬರ ಬಳಿ ಇಲ್ಲ, ಇನ್ನೇನು ಮಾತು ಎಂದು ಇವರ ಕೇಳಿಕೆ.

ಈ ಎರಡೂ ವಾದಗಳನ್ನು ನಾವು ಒಪ್ಪುವುದಿಲ್ಲ. 1973ರಲ್ಲಿ ಎರಡು ಗೋಲಿನ ಮುನ್ನಡೆಯನ್ನು ಕಳೆದುಕೊಂಡದ್ದು ಹನ್ನೊಂದು ಜನ. ಟೈಬ್ರೇಕರ್‌ನಲ್ಲಿ ಹಿಂದೆ ಬಿದ್ದದ್ದೂ ಇಡೀ ತಂಡವೇ. ಅದೆಲ್ಲವನ್ನೂ ಒಬ್ಬನ ಒಂದು ಹೊಡೆತದ ಮೇಲೆ ಹೇರುವುದು ನ್ಯಾಯವಲ್ಲ. ಹಾಗೆಯೇ 1975ರ ಚಿನ್ನವನ್ನು ಗಣೇಶರ ವಿರುದ್ಧ ತೂಗುವುದೂ ಸಲ್ಲದು. ಸುರ್ಜಿತ್, ಅಜಿತ್‌ಪಾಲ್, ಅಶೋಕ್ ಕುಮಾರ್, ಗೋವಿಂದ ಮುಂತಾಗಿ ಕ್ವಾಲಾಲಂಪುರದಲ್ಲಿ ಗೆದ್ದವರಲ್ಲಿ ಹಲವರು ಆಮ್‌ಸ್ಟೆಲ್‌ವೀನ್‌ನಲ್ಲಿ ಗಣೇಶರ ಕೈಕೆಳಗೆ ಆಡಿದವರು. ಅಡಿಕೆ ಸಸಿ ನೆಟ್ಟವನು ಫಸಲಿಗೆ ವರ್ಷಗಟ್ಟಲೆ ಕಾಯಬೇಕು. ಎಷ್ಟೋ ವೇಳೆ ಕೊನೆ ಇಳಿಸುವವರು ಬೇರೆಯವರೇ ಆಗಿರುತ್ತಾರೆ. ಅಷ್ಟರಿಂದ ನೆಟ್ಟವನ ದುಡಿಮೆ ಸುಳ್ಳಾಗುವುದಿಲ್ಲ. 2020ರಲ್ಲಿ ಗಣೇಶರಿಗೆ ಪದ್ಮಶ್ರೀ ಬಂದಾಗ ನಮಗೆ ಸಂತೋಷವಾದದ್ದು ಈ ಕಾರಣಕ್ಕೇ. ಆಟ ಬಿಟ್ಟ ಮೇಲೂ ಭಾರತ ತಂಡದ ತರಬೇತುದಾರರಾಗಿ ಹೊಸ ಸಸಿಗಳನ್ನು ಬೆಳೆಸಿದವರು ಅವರು.

ಹಾಗಾದರೆ ನಮ್ಮ ತೀರ್ಪೇನು? ತಂಡವನ್ನು ಕಟ್ಟಿ ನಡೆಸುವವನು ಬೇಕೆಂದರೆ ಗಣೇಶ್. ಆದರೆ ಪ್ರಶ್ನೆ ಇರುವುದು ಮೇಲಾದ ಆಟಗಾರ ಯಾರೆಂದು. ಅದಕ್ಕೆ ನಾವು ಒಂದು ಬೆರಳಿನಷ್ಟು ಅಂತರದಲ್ಲಿ ಗೋವಿಂದರ ಹೆಸರು ಹೇಳುತ್ತೇವೆ. ಅವರ ಬಳಿ ಚಿನ್ನವಿದೆ ಎಂದಲ್ಲ. ಸೆಂಟರ್ ಫಾರ್ವರ್ಡ್‌ನ ಜಾಗ ಎದುರಾಳಿಯ ಕಣ್ಣೆಲ್ಲ ನೆಟ್ಟಿರುವ ಜಾಗ. ಗೋಲು ಬಂದರೆ ಹೆಸರು, ತಪ್ಪಿದರೆ ಬೈಗುಳ, ಎರಡೂ ಅವನಿಗೇ. ಜಗತ್ತೇ ನೋಡುತ್ತಿರುವಾಗ ಸ್ಟ್ರೋಕ್ ತಪ್ಪಿಸಿಕೊಂಡ ಇಪ್ಪತ್ತೆರಡರ ಯುವಕ ಅಲ್ಲಿಗೇ ಕುಗ್ಗಿಹೋಗಬಹುದಿತ್ತು. ಗೋವಿಂದ ಕುಗ್ಗಲಿಲ್ಲ. ಅದೇ ವೇಗ, ಅದೇ ನುಗ್ಗು ಉಳಿಸಿಕೊಂಡು 1975ರ ತಂಡದಲ್ಲಿ ಸ್ಥಾನ ಗಳಿಸಿದರು. ಒಲಿಂಪಿಕ್ಸ್ ಹಾಕಿ ಮೊದಲ ಬಾರಿಗೆ ಕೃತಕ ಹುಲ್ಲಿನ ಮೇಲೆ ನಡೆದ 1976ರ ಮಾಂಟ್ರಿಯಲ್‌ಗೂ ಹೋದರು. ಅಲ್ಲಿ ಭಾರತ ಏಳನೆಯ ಸ್ಥಾನಕ್ಕೆ ಇಳಿದದ್ದು ಬೇರೆ ಮಾತು. ಮುಂದೊಂದು ಕಾಲಕ್ಕೆ ರಾಷ್ಟ್ರೀಯ ತಂಡದ ಆಯ್ಕೆ ಸಮಿತಿಯ ಮುಖ್ಯಸ್ಥರಾಗಿ ಇತರರನ್ನು ತೂಗುವ ಹೊಣೆಯೂ ಅವರ ಪಾಲಿಗೆ ಬಂತು. ಸೋಲಿನ ರುಚಿ ಬಲ್ಲವರ ಕೈಗೆ ತಕ್ಕಡಿ ಸಿಕ್ಕಿದ್ದು ಒಳ್ಳೆಯದೇ ಆಯಿತೆಂದು ನಮ್ಮ ಭಾವನೆ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ನಮ್ಮಲ್ಲಿದೆ. ಗೋವಿಂದ ಈ ಗಾದೆಯನ್ನು ಸುಳ್ಳು ಮಾಡಿದರು. ಆದರೆ ಆಯ್ಕೆದಾರರು ಮತ್ತೊಂದು ಅವಕಾಶ ಕೊಟ್ಟಿದ್ದರಿಂದಲೇ ಅವರು ಸುಳ್ಳು ಮಾಡಲು ಸಾಧ್ಯವಾಯಿತು ಎಂಬುದನ್ನೂ ನೆನಪಿಡಬೇಕು.

ನಮ್ಮ ಊರುಗಳ ಸಹಕಾರಿ ಬಾಳಿಗೆ ಇಲ್ಲೊಂದು ಮಾತಿದೆ. ಆಷಾಢದಲ್ಲಿ ಮಳೆ ಬಿಡುವು ಕೊಡದೆ ಎರಡನೆಯ ಬೋರ್ಡೋ ಸಿಂಪಡಣೆ ತಪ್ಪುತ್ತದೆ, ಕೊಳೆ ಬಂದು ಎಳೆಯ ಕಾಯಿಯೆಲ್ಲ ಉದುರುತ್ತದೆ. ಎಲೆಚುಕ್ಕಿ ರೋಗ ನಮ್ಮ ಹೊಸನಗರದ ತೋಟಗಳನ್ನು ಹೇಗೆ ಕಾಡಿತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಥ ವರ್ಷ ಸಾಲದ ಕಂತು ಕಟ್ಟಲಾಗದೆ ಉಳಿದ ಸಣ್ಣ ಬೆಳೆಗಾರನಿಗೆ ಅದೊಂದೇ ವರ್ಷದ ಹೆಸರು ಅಂಟಿಬಿಡುತ್ತದೆ. ಅದಕ್ಕೆ ಹಿಂದಿನ ಹತ್ತು ವರ್ಷ ಕಂತು ತಪ್ಪಿಸದೆ ಕಟ್ಟಿದ್ದು ಯಾರಿಗೂ ನೆನಪಿರುವುದಿಲ್ಲ. ಮುಂದಿನ ಸಾಲಿಗೆ ಸಾಲ ಕೇಳಲು ಬಂದಾಗ ಮುಖ ಮುರಿಯುವವರು ಹೊರಗಿನವರಲ್ಲ, ಪಕ್ಕದ ತೋಟದವರಾದ ನಾವೇ. ತಪ್ಪಿದ ಒಂದು ಹೊಡೆತದಿಂದ ಆಟಗಾರನನ್ನು ಅಳೆದಂತೆಯೇ ಇದು.

ಬಾಕಿ ವಸೂಲಾಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ತೂಗುವಾಗ ಒಂದು ಕೊಯ್ಲನ್ನಲ್ಲ, ಹತ್ತು ಕೊಯ್ಲುಗಳನ್ನು ತಕ್ಕಡಿಗೆ ಹಾಕಬೇಕು. ಬಿದ್ದವನು ಮತ್ತೆ ಎದ್ದು ಆಡಬಲ್ಲನೆಂದು ಕಂಡರೆ ಅವನಿಗೆ ಜಾಗ ಕೊಡಬೇಕು. ಗಣೇಶರೋ ಗೋವಿಂದರೋ ಎಂಬ ಚರ್ಚೆ ಮುಂದಿನ ಸುಗ್ಗಿಯಲ್ಲೂ ನಡೆಯಲಿ; ನಮ್ಮ ತೀರ್ಪನ್ನು ಒಪ್ಪದವರು ಧಾರಾಳವಾಗಿ ವಾದಿಸಲಿ. ತೂಗುವ ಕ್ರಮವೊಂದು ಸರಿಯಾಗಿದ್ದರೆ ಸಾಕು.