ಹಿತ್ತಲ ಕಾಡಿಗೂ ಒಂದು ದಾಸ್ತಾನು ಪುಸ್ತಕ ಬೇಕು

ಅಂಗಡಿ ಮಾರುವವನು ಮೊದಲು ದಾಸ್ತಾನು ಲೆಕ್ಕ ಹಾಕುತ್ತಾನೆ. ಯಾವ ಸರಕು ಎಷ್ಟಿದೆ, ಎಷ್ಟು ಹಾಳಾಗಿದೆ ಎಂದು ಬರೆದುಕೊಳ್ಳದೆ ಬೆಲೆ ಮಾತಾಡುವುದಿಲ್ಲ. ಊರಿನ ಮನೆಯ ಹಿಂದಿನ ಮರಗಳ ವಿಷಯದಲ್ಲಿ ಮಾತ್ರ ನಮ್ಮ ಮನೆಗಳಲ್ಲಿ ಈ ಪದ್ಧತಿ ಇಲ್ಲ. ಮರದ ವ್ಯಾಪಾರಿ ಬರುತ್ತಾನೆ, ಹತ್ತು ನಿಮಿಷ ಕತ್ತೆತ್ತಿ ನೋಡುತ್ತಾನೆ, "ಎಲ್ಲಾ ಸೇರಿ ಇಷ್ಟು ಕೊಡ್ತೀನಿ" ಎನ್ನುತ್ತಾನೆ. ಮನೆಯವರು "ಇನ್ನೊಂಚೂರು ಸೇರಿಸಿ" ಎನ್ನುತ್ತಾರೆ. ಒಳಗೆ ಏನಿದೆ ಎಂದು ಗೊತ್ತಿರುವುದು ಕೊಳ್ಳುವವನಿಗೆ ಮಾತ್ರ.

ನನ್ನ ನಾನಾ ಅವರ ಮನೆ ಮೂಡಿಗೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿದೆ. ಮನೆಯ ಹಿಂದೆ ಒಂದೂವರೆ ಎಕರೆ ಮರಗಿಡ. ಹಿಂದೆ ಕಾಫಿ ಇತ್ತಂತೆ, ಈಗ ಕಾಡೇ ಜಾಸ್ತಿ. ಮಾಮು ಅದನ್ನು ಕಡಿಸಿ ಮರ ಮಾರಬೇಕೆಂದಿದ್ದಾರೆ. ಅವರ ಹಿರಿಯ ಮಗಳು, ನಮಗೆಲ್ಲ ಆಪಾ, ನರ್ಸಿಂಗ್ ಸೇರಬೇಕು, ಅದಕ್ಕೆ ಹಣ ಬೇಕು. ಇದು ತಪ್ಪು ಎಂದು ನಾನು ಹೇಳುವುದಿಲ್ಲ. ಕಾಲೇಜು ಶುಲ್ಕ ಕಟ್ಟುವ ಮನೆಯಲ್ಲಿ ಕುಳಿತು ಪರಿಸರದ ಭಾಷಣ ಮಾಡುವುದು ನನಗೆ ಇಷ್ಟವಿಲ್ಲ. ನನ್ನ ವಾದ ಇಷ್ಟೇ: ಕಡಿಯುವುದಾದರೂ ಉಳಿಸುವುದಾದರೂ ಮೊದಲು ಎಣಿಸಿ. ಎಣಿಸಲು ಜೀವಶಾಸ್ತ್ರದ ವಿದ್ಯಾರ್ಥಿಯೇ ಆಗಬೇಕಿಲ್ಲ. ನಾವು ಕಾಮರ್ಸ್‌ನವರು ದಿನವೂ ಮಾಡುವ ಕೆಲಸವೇ ಅದು.

ಕಳೆದ ರಜೆಯಲ್ಲಿ ನಾನು, ಆಪಾ ಮತ್ತು ಕೋಲು ಹಿಡಿದ ನಾನಾ ಸೇರಿ ಈ ಕೆಲಸ ಮಾಡಿದೆವು. ಸಸ್ಯ ಸಮೀಕ್ಷೆಯಲ್ಲಿ ಸಾಮಾನ್ಯವಾಗಿ ಮರಗಳಿಗೆ 10 ಮೀಟರ್ ಉದ್ದ, 10 ಮೀಟರ್ ಅಗಲದ ಚೌಕ ಹಾಕುತ್ತಾರೆ. ಅದರೊಳಗೆ ಪೊದೆಗಳಿಗೆ 5 ಮೀಟರಿನದು, ಹುಲ್ಲು ಮತ್ತು ಸಣ್ಣ ಸಸಿಗಳಿಗೆ 1 ಮೀಟರಿನದು. ದೊಡ್ಡ ಚೌಕ 100 ಚದರ ಮೀಟರ್ ಆಯಿತು. ನಮ್ಮ ಪಹಣಿಯ ಒಂದು ಗುಂಟೆ 33 ಅಡಿಗೆ 33 ಅಡಿ, ಅಂದರೆ 1089 ಚದರ ಅಡಿ, ಸುಮಾರು 101 ಚದರ ಮೀಟರ್. ವಿಜ್ಞಾನಿಗಳ ಚೌಕವೂ ನಾನಾ ಅವರ ಗುಂಟೆಯೂ ಹೆಚ್ಚುಕಮ್ಮಿ ಒಂದೇ! ಇದು ತಿಳಿದ ಮೇಲೆ ನಾನಾ ಅವರಿಗೆ ನಮ್ಮ ಕೆಲಸದ ಮೇಲೆ ನಂಬಿಕೆ ಬಂತು.

ಒಂದೂವರೆ ಎಕರೆಗೆ 60 ಗುಂಟೆ. ಎಲ್ಲವನ್ನೂ ಎಣಿಸಲು ಆಗದು. ನಕ್ಷೆಯಲ್ಲಿ 1ರಿಂದ 60 ಎಂದು ಗುರುತು ಹಾಕಿ, ಸಂಖ್ಯಾಶಾಸ್ತ್ರದ ಪಾಠದಲ್ಲಿರುವ ಲಾಟರಿ ವಿಧಾನದಂತೆ ಚೀಟಿ ಎತ್ತಿ ಆರು ಗುಂಟೆ ಆರಿಸಿದೆವು. ನಡೆಯಲು ಸುಲಭವಾದ ಜಾಗವನ್ನೇ ಆರಿಸಿದ್ದರೆ ಲೆಕ್ಕ ಒಂದು ಕಡೆಗೆ ವಾಲುತ್ತಿತ್ತು. ಚೀಟಿಯಲ್ಲಿ ಬಂದ ಒಂದು ಗುಂಟೆ ಪೂರ್ತಿ ಲಂಟಾನದ ಮುಳ್ಳು. ಅದಕ್ಕೇ ಅರ್ಧ ದಿನ ಹೋಯಿತು.

ನೆಲದಿಂದ 1.37 ಮೀಟರ್, ಅಂದರೆ ನಾಲ್ಕೂವರೆ ಅಡಿ ಎತ್ತರದಲ್ಲಿ ಮರದ ಸುತ್ತಳತೆ ತೆಗೆಯಬೇಕು. 30 ಸೆಂಟಿಮೀಟರ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮರ ಎಂದು ಬರೆದೆವು, ಕಡಿಮೆ ಇದ್ದರೆ ಎಳೆಗಿಡ. ಸುತ್ತಳತೆಯನ್ನು 3.14ರಿಂದ ಭಾಗಿಸಿದರೆ ವ್ಯಾಸ ಸಿಗುತ್ತದೆ. ಇಷ್ಟು ಸುಲಭ. ಕಷ್ಟವಾದದ್ದು ಹೆಸರು. ನಮ್ಮ ಮನೆಯ ಭಾಷೆಯಲ್ಲಿ ಹಣ್ಣು ಕೊಡುವ ಮರಕ್ಕೆ ಹೆಸರಿದೆ: ಫಣಸ್, ಜಾಮೂನ್, ಇಮ್ಲಿ. ಉಳಿದವೆಲ್ಲ ಬರೀ "ಝಾಡಾಂ". ಮತ್ತಿ, ನಂದಿ, ಹೊನ್ನೆ, ಗೋಣಿ ಎಂಬ ಕನ್ನಡದ ಹೆಸರುಗಳನ್ನು ಹೇಳಿಕೊಟ್ಟದ್ದು ಪಕ್ಕದ ತೋಟದಲ್ಲಿ ಕೆಲಸ ಮಾಡುವ ಅಜ್ಜಿ. ಹೆಸರು ಗೊತ್ತಾದ ದಿನ ಆ ಜಾಗ ನನಗೆ ಬೇರೆಯೇ ಕಂಡಿತು, ಸುಳ್ಳಲ್ಲ.

ಎರಡನೆಯ ಕಾಲಂ ಇನ್ನೂ ಮುಖ್ಯ: ಯಾವ ಮರವನ್ನು ಯಾರು ಬಳಸುತ್ತಾರೆ? ವ್ಯಾಪಾರಿಯ ಲೆಕ್ಕದಲ್ಲಿ ಅತ್ತಿ ಮರಕ್ಕೆ ಬೆಲೆಯೇ ಇಲ್ಲ ಎನ್ನಬೇಕು. ಆದರೆ ಬೇರೆ ಮರಗಳಲ್ಲಿ ಹಣ್ಣಿಲ್ಲದ ಕಾಲದಲ್ಲೂ ಎಲ್ಲೋ ಒಂದು ಅತ್ತಿಯಲ್ಲಿ ಹಣ್ಣಿರುತ್ತದೆ. ಕುಟ್ರುಹಕ್ಕಿ, ಮಂಗಟ್ಟೆ, ಬಾವಲಿ ಎಲ್ಲವೂ ಅಲ್ಲಿಗೆ ಬರುತ್ತವೆ. ಒಣಗಿ ನಿಂತ ಒಂದು ಮರವನ್ನು ವ್ಯಾಪಾರಿ ಸೌದೆ ಎಂದು ಬಿಟ್ಟಿಯಾಗಿ ಕೇಳಿದ್ದ. ಅದರಲ್ಲಿ ನಾಲ್ಕು ತೂತು ಎಣಿಸಿದೆವು. ಮರಕುಟಿಗ ಕೊರೆದ ತೂತಿನಲ್ಲಿ ಮುಂದೆ ಮೈನಾ, ಗಿಳಿ, ಗೂಬೆ ಸಂಸಾರ ಹೂಡುತ್ತವೆ. ಮಂಗಟ್ಟೆಯಂತೂ ತಾನೇ ತೂತು ಕೊರೆಯಲಾರದು, ಹಳೇ ದೊಡ್ಡ ಮರದ ಪೊಟರೆಯೇ ಅದಕ್ಕೆ ಬೇಕು. ಕೆಂದಳಿಲಿಗೆ ಕೊಂಬೆಗೆ ಕೊಂಬೆ ತಾಗಿರಬೇಕು, ನಡುವೆ ನಾಲ್ಕು ಮರ ಹೋದರೆ ಅದರ ರಸ್ತೆಯೇ ಮುಚ್ಚಿದಂತೆ.

ಎಳೆಗಿಡದ ಪಟ್ಟಿ ನೋಡಿ ಮಾಮು ಸ್ವಲ್ಪ ಹೊತ್ತು ಸುಮ್ಮನಿದ್ದರು. ದಪ್ಪ ದಪ್ಪ ಮತ್ತಿ ಇವೆ, ಆರು ಗುಂಟೆಯಲ್ಲಿ ಮತ್ತಿಯ ಒಂದು ಸಸಿಯೂ ಇಲ್ಲ. ಲಂಟಾನ ಹಬ್ಬಿದ ಕಡೆ ಏನೂ ಮೊಳೆತಿಲ್ಲ. ಲಂಟಾನ ಅಮೆರಿಕ ಖಂಡದಿಂದ ಬಂದ ಗಿಡ, ಹೂವಿನ ಚಂದಕ್ಕೆ ತಂದದ್ದು. ಲೆಕ್ಕಶಾಸ್ತ್ರದಲ್ಲಿ ಭೂಮಿಗೆ ಸವಕಳಿ ಹಾಕುವುದಿಲ್ಲ ಎಂದು ಓದಿದ್ದೇವೆ. ಆ ಆರು ಗುಂಟೆ ನೋಡಿದರೆ ಸವಕಳಿ ಹೇಗಿರುತ್ತದೆ ಎಂದು ಕಣ್ಣಿಗೇ ಕಾಣುತ್ತದೆ.

ಇದಕ್ಕೆ ಊರಿನಲ್ಲಿ ಒಂದು ಆಕ್ಷೇಪ ಇದೆ: "ಹಕ್ಕಿ, ಪ್ರಾಣಿ ಅಂತ ಬರೆದಿಟ್ಟರೆ ಫಾರೆಸ್ಟಿನವರು ಜಾಗ ಕಿತ್ತುಕೊಳ್ತಾರೆ." ಮಲೆನಾಡಿನಲ್ಲಿ ಈ ಹೆದರಿಕೆ ಸಣ್ಣದಲ್ಲ, ನಗುವಂಥದ್ದೂ ಅಲ್ಲ. ಆದರೆ ನಮ್ಮ ನೋಟ್‌ಬುಕ್ಕಿನಲ್ಲಿ ಬರೆದ ಮಾತ್ರಕ್ಕೆ ಪಹಣಿಯಲ್ಲಿರುವ ಹೆಸರು ಬದಲಾಗುವುದಿಲ್ಲ. ಕಾನೂನು ಹೇಗೂ ಮೊದಲೇ ಇದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ಜಾಗದ ಮರ ಕಡಿಯಲೂ ವೃಕ್ಷಾಧಿಕಾರಿಯ ಅನುಮತಿ ಬೇಕು. ಸಿಲ್ವರ್ ಓಕ್‌ನಂಥ ಕೆಲವು ಮರಗಳಿಗೆ ಮಾತ್ರ ವಿನಾಯಿತಿ. ಯಾವ ಮರ ಯಾವ ಪಟ್ಟಿಗೆ ಸೇರುತ್ತದೆ ಎಂದು ತಿಳಿಯದೆ ಒಟ್ಟಾರೆ ಮಾರಿದವರೇ ಆಮೇಲೆ ಕಚೇರಿ ಅಲೆಯುವುದು.

ನಮ್ಮ ಲೆಕ್ಕದಿಂದ ಏನಾಯಿತು ಎಂದು ಕೇಳಬಹುದು. ಇನ್ನೂ ಏನೂ ತೀರ್ಮಾನವಾಗಿಲ್ಲ. ಸಿಲ್ವರ್ ಓಕ್ ಮಾತ್ರ ಮಾರಿದರೆ ಮೊದಲ ವರ್ಷದ ಶುಲ್ಕಕ್ಕೆ ಸಾಕಾಗಬಹುದೇ ಎಂದು ಆಪಾ ಲೆಕ್ಕ ಹಾಕುತ್ತಿದ್ದಾಳೆ. ಮಾಮು ಇನ್ನೊಬ್ಬ ವ್ಯಾಪಾರಿಯನ್ನು ಕರೆಸುತ್ತೇನೆ ಎಂದಿದ್ದಾರೆ. ಈ ಸಲ ಪಟ್ಟಿ ಕೈಯಲ್ಲಿರುತ್ತದೆ.

ನಮ್ಮ ವಾಣಿಜ್ಯ ವಿಭಾಗಕ್ಕೆ ನನ್ನ ಬೇಡಿಕೆ ಒಂದಿದೆ. ಪ್ರತಿ ವರ್ಷ ಸೋಪು, ಬಿಸ್ಕತ್ತಿನ ಮಾರುಕಟ್ಟೆ ಸಮೀಕ್ಷೆಯನ್ನೇ ಪ್ರಾಜೆಕ್ಟ್ ಕೊಡುತ್ತಾರೆ, ಹಿಂದಿನ ವರ್ಷದವರದ್ದನ್ನು ನೋಡಿ ಬರೆಯುವವರೂ ಇದ್ದೇವೆ. ಊರಿನಲ್ಲಿ ಜಾಗ ಇರುವವರಿಗೆ ಅದರ ಬದಲು ಐದಾರು ಗುಂಟೆಯ ಲೆಕ್ಕ ಕೊಡಿ. ಸೈನ್ಸ್ ವಿಭಾಗದ ಒಬ್ಬರು ಜೊತೆಗಿದ್ದರೆ ಹಕ್ಕಿಯ ಹೆಸರಿಗೆ ಅನುಕೂಲ. ಮಳೆಗಾಲದಲ್ಲಿ ಬೇಡ, ಜಿಗಣೆ ಬಿಡುವುದಿಲ್ಲ. ದೊಡ್ಡವರೊಬ್ಬರಿಲ್ಲದೆ ಪೊದೆಗೆ ಕೈ ಹಾಕಲೂ ಬೇಡಿ, ಹಾವಿರುತ್ತದೆ. ಬೇಕಾದದ್ದು ಹಗ್ಗ, ನಾಲ್ಕು ಗೂಟ, ನೋಟ್‌ಬುಕ್, ಒಂದು ದರ್ಜಿ ಟೇಪ್. ಟೇಪ್ ಇಲ್ಲದವರು ನನ್ನನ್ನು ಕೇಳಿ, ಆದರೆ ಅದು ಅಮ್ಮಿಯದು, ವಾಪಸ್ ಕೊಡಬೇಕು.